ಒಂದೇ ನದಿ, ಒಂದು ತಿರುವು ಓಡುತ್ತದೆ, ಪಕ್ಕದ್ದು ಇದ್ದಲ್ಲೇ ಇರುತ್ತದೆ. ಯಾಕೆ?

ನಕ್ಷೆಹುಚ್ಚು

ಉಪಗ್ರಹ ಚಿತ್ರಗಳನ್ನು ವರ್ಷವಾರು ಜೋಡಿಸಿ ಓಡಿಸುವ ವಿಡಿಯೊಗಳು ಇವೆಯಲ್ಲ, ಅದರಲ್ಲಿ ಪೆರು ದೇಶದ ಉಕಯಾಲಿ ನದಿಯನ್ನು ನೋಡುತ್ತಿದ್ದೆ. 1984ರಿಂದ ಈಚಿನ ಚಿತ್ರಗಳು. ನದಿ ಒಂದು ಕಡೆ ನಿಲ್ಲುವುದೇ ಇಲ್ಲ. ತಿರುವುಗಳು ಉಬ್ಬುತ್ತವೆ, ಓರೆಯಾಗುತ್ತವೆ, ಹರಿವಿನ ದಿಕ್ಕಿಗೆ ಜಾರುತ್ತವೆ. ಯಾವುದೋ ಒಂದು ವರ್ಷ ಕತ್ತು (ಸುತ್ತಿನ ಎರಡು ತುದಿಗಳ ನಡುವಿನ ಕಿರಿದಾದ ನೆಲ) ಕಡಿದುಕೊಂಡು ಒಂದು ಸುತ್ತು ಪೂರ್ತಿ ಹೊರಗೆ ಬಿದ್ದುಬಿಡುತ್ತದೆ.

ಶಾಲೆಯಲ್ಲಿ ಓದಿದ್ದು ನೆನಪಿದೆ: ಹೊರದಂಡೆಯಲ್ಲಿ ಕೊರೆತ, ಒಳದಂಡೆಯಲ್ಲಿ ಹೂಳು, ಕೊನೆಗೆ ನದಿ ಬಿಟ್ಟುಹೋದ ಸುತ್ತಿನಲ್ಲಿ ನಿಲ್ಲುವ ಕುದುರೆಲಾಳದ ಕೆರೆ. ಅಷ್ಟಕ್ಕೆ ನನ್ನ ಅನುಮಾನ ತೀರುತ್ತಿಲ್ಲ. ಸಪಾಟು ಬಯಲಿನಲ್ಲಿ ನೇರವಾಗಿ ಹೋಗಬಹುದಾದ ನೀರಿಗೆ ಮೊದಲ ತಿರುವು ಹುಟ್ಟುವುದು ಎಲ್ಲಿಂದ? ಮತ್ತೆ, ಒಂದೇ ನದಿ, ಒಂದೇ ನೀರು. ಆದರೂ ಒಂದು ತಿರುವು ವರ್ಷ ವರ್ಷ ಓಡುತ್ತದೆ, ಅದರ ಪಕ್ಕದ್ದು ಅಲ್ಲಾಡುವುದಿಲ್ಲ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಗಣಿತ ಬೇಡ. ಬೇಕೇ ಬೇಕು ಅಂದರೆ ಸ್ವಲ್ಪ ನಡೆಯುತ್ತದೆ.

ಸುಮ್ನೆ ಓದುಗ

ಇದರಲ್ಲಿ ಗುಟ್ಟೇನಿದೆ? ಬಯಲಿಗೆ ಬಂದ ಮೇಲೆ ಇಳಿಜಾರು ಕಡಿಮೆ, ನೀರು ನಿಧಾನ. ಶಕ್ತಿಯಿಲ್ಲದ ನೀರಿಗೆ ಕಲ್ಲೋ ಮರದ ದಿಮ್ಮಿಯೋ ಅಡ್ಡ ಬಂದರೆ ಸುತ್ತಿಕೊಂಡು ಹೋಗುತ್ತದೆ. ಅದೇ ತಿರುವು.

ಮೆಕ್ಕಲುಮಣ್ಣು

ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಲೆಕ್ಕ ಕೂಡುವುದಿಲ್ಲ.

ಕಲ್ಲು, ದಿಮ್ಮಿ ಎಲ್ಲೆಂದರಲ್ಲಿ ಬಿದ್ದಿರುತ್ತವೆ. ತಿರುವುಗಳು ಹಾಗೆ ಎಲ್ಲೆಂದರಲ್ಲಿ ಇರುವುದಿಲ್ಲ. ಒಂದು ಎಡ ತಿರುವು, ಒಂದು ಬಲ ತಿರುವು, ಎರಡೂ ಸೇರಿ ಒಂದು ಅಲೆ ಅಂದುಕೊಳ್ಳಿ. ಅದರ ಉದ್ದ ಸಾಮಾನ್ಯವಾಗಿ ಪಾತ್ರದ ಅಗಲದ 10ರಿಂದ 14 ಪಟ್ಟು. ಜಿಗಿದು ದಾಟುವ ತೊರೆಗೂ ಇದೇ ಲೆಕ್ಕ, ಮಿಸಿಸಿಪ್ಪಿಗೂ ಇದೇ ಲೆಕ್ಕ. ಅಡ್ಡ ಬಿದ್ದ ದಿಮ್ಮಿಗಳಿಗೆ ಇಷ್ಟು ಶಿಸ್ತು ಎಲ್ಲಿಂದ ಬರಬೇಕು? ಇನ್ನೊಂದು, ಹಿಮನದಿಯ ಮೈಮೇಲೆ ಕರಗಿದ ನೀರಿನ ತೊರೆಗಳು ಹರಿಯುತ್ತವೆ. ಅಲ್ಲಿ ಮರವೂ ಇಲ್ಲ, ಹೇಳಿಕೊಳ್ಳುವಂಥ ಹೂಳೂ ಇಲ್ಲ. ಬರೀ ಮಂಜುಗಡ್ಡೆ. ಅವೂ ಬಳುಕುತ್ತವೆ.

ಬಯಲಿನ ನದಿ ನಿಧಾನ ಅನ್ನುವುದು ಕಣ್ಣಿನ ಮೋಸ. ನದಿವಿಜ್ಞಾನಿ ಲೂನಾ ಲಿಯೋಪೋಲ್ಡ್ 1953ರಲ್ಲೇ ಅಮೆರಿಕದ ನದಿಗಳ ಅಳತೆಗಳನ್ನು ಇಟ್ಟುಕೊಂಡು ಇದನ್ನು ತೋರಿಸಿದರು. ಕೆಳಗೆ ಬಂದ ಹಾಗೆಲ್ಲ ಸರಾಸರಿ ವೇಗ ಕಡಿಮೆಯಾಗುವುದಿಲ್ಲ, ಎಷ್ಟೋ ಕಡೆ ಚೂರು ಜಾಸ್ತಿಯೇ ಆಗುತ್ತದೆ. ಬೆಟ್ಟದ ತೊರೆಯಲ್ಲಿ ಸದ್ದು ಜಾಸ್ತಿ, ನೊರೆ ಜಾಸ್ತಿ, ಆದರೆ ಬಂಡೆಗಳಿಗೆ ಬಡಿದು ಓಟ ಕಳೆದುಕೊಳ್ಳುತ್ತದೆ. ಕೆಳಗೆ ಪಾತ್ರ ಆಳ, ತಳ ನುಣುಪು. ನೀರು ಸದ್ದಿಲ್ಲದೆ ಸಾಗುತ್ತದೆ.

ಹಾಗಾದರೆ ಮೊದಲ ತಿರುವು ಎಲ್ಲಿಂದ? ಮರಳು ಹೊತ್ತ ನೀರನ್ನು ನೇರ ಪಾತ್ರದಲ್ಲಿ ಬಿಟ್ಟರೆ ತಳ ಸಮನಾಗಿ ಉಳಿಯುವುದಿಲ್ಲ. ಒಮ್ಮೆ ಎಡಕ್ಕೊಂದು ಮರಳುದಿಣ್ಣೆ, ಆಮೇಲೆ ಬಲಕ್ಕೊಂದು, ಮತ್ತೆ ಎಡಕ್ಕೆ. ತಳದಲ್ಲಿ ಒಂದು ಸಣ್ಣ ಏರುಪೇರು ಸಾಕು, ಅದು ತಾನಾಗಿಯೇ ಬೆಳೆಯುತ್ತದೆ. ದಂಡೆಗಳು ಇನ್ನೂ ನೇರ, ಆದರೆ ಆಳದ ಗೆರೆ ಆಗಲೇ ಆ ಕಡೆ ಈ ಕಡೆ ಓಲಾಡಲು ಶುರುಮಾಡಿದೆ. ದಿಣ್ಣೆಯ ಎದುರಿನ ದಂಡೆಗೆ ನೀರು ಒತ್ತುತ್ತದೆ. ಆ ದಂಡೆ ಕುಸಿಯುವಂಥದ್ದಾದರೆ ತಿರುವು ಹುಟ್ಟಿತು. ಕುಸಿಯದ ಮಣ್ಣಾದರೆ ದಿಣ್ಣೆಗಳು ಮುಂದಕ್ಕೆ ಜಾರಿಕೊಂಡು ಹೋಗುತ್ತವೆ, ಅಷ್ಟೇ.

ಮೆಕ್ಕಲುಮಣ್ಣು

(ಮುಂದುವರಿಕೆ, ಒಂದೇ ಸಲ ಹಾಕಿದ್ದರೆ ಯಾರೂ ಓದುತ್ತಿರಲಿಲ್ಲ)

ತಿರುವು ಹುಟ್ಟಿದ ಮೇಲೆ ಒಳಗೆ ಏನಾಗುತ್ತದೆ ಅನ್ನುವುದೇ ಇದರ ಜೀವಾಳ. ತಿರುಗುವಾಗ ನೀರು ಹೊರಗಡೆಗೆ ಒತ್ತುತ್ತದೆ. ಹಾಗಾಗಿ ಹೊರದಂಡೆಯ ಹತ್ತಿರ ನೀರಿನ ಮಟ್ಟ ಒಂದಿಷ್ಟು ಎತ್ತರ, ಒಳದಂಡೆಯ ಹತ್ತಿರ ತಗ್ಗು. ಈ ಎತ್ತರದ ವ್ಯತ್ಯಾಸ ನೀರನ್ನು ಒಳಕ್ಕೆ ತಳ್ಳುತ್ತದೆ. ಮೇಲಿನ ನೀರು ವೇಗವಾಗಿ ಓಡುವುದರಿಂದ ಈ ತಳ್ಳುವಿಕೆಗೆ ಜಗ್ಗದೆ ಹೊರಗೇ ಹೋಗುತ್ತದೆ. ತಳದ ನೀರು ನೆಲಕ್ಕೆ ಉಜ್ಜಿ ನಿಧಾನವಾಗಿರುತ್ತದೆ, ಅದು ಸೋತು ಒಳಕ್ಕೆ ಬರುತ್ತದೆ. ಮೇಲೆ ಹೊರಕ್ಕೆ, ಕೆಳಗೆ ಒಳಕ್ಕೆ, ಜೊತೆಗೆ ಮುಂದಕ್ಕೂ ಹರಿಯುತ್ತಿದೆ. ಒಟ್ಟಿಗೆ ಸೇರಿಸಿದರೆ ನೀರು ತಿರುಪಿನ ಹಾಗೆ ಸುತ್ತುತ್ತಾ ಸಾಗುತ್ತದೆ. ಹೊರದಂಡೆಯ ಬುಡದಲ್ಲಿ ಮಡು ಬೀಳುತ್ತದೆ, ತಳದ ಮರಳು ಒಳದಂಡೆಯ ದಿಣ್ಣೆಯನ್ನು ಹತ್ತುತ್ತದೆ.

ಇದನ್ನು 1876ರಲ್ಲಿ ಜೇಮ್ಸ್ ಥಾಮ್ಸನ್ ವಿವರಿಸಿದ್ದರು, ಲಾರ್ಡ್ ಕೆಲ್ವಿನ್ ಅವರ ಅಣ್ಣ. 1926ರಲ್ಲಿ ಐನ್‌ಸ್ಟೈನ್ ಇದೇ ವಿಷಯಕ್ಕೆ ಒಂದು ಪುಟ್ಟ ಲೇಖನ ಬರೆದರು. ಚಹಾದ ಲೋಟವನ್ನು ಚಮಚದಲ್ಲಿ ತಿರುಗಿಸಿ ಬಿಟ್ಟರೆ ಎಲೆಚೂರುಗಳು ಅಂಚಿಗೆ ಹೋಗದೆ ತಳದ ನಡುವೆ ಗುಂಪಾಗುತ್ತವಲ್ಲ, ಅಲ್ಲಿಂದ ಶುರುಮಾಡಿ ನದಿಯ ತಿರುವಿಗೆ ಬರುತ್ತಾರೆ. ಮನೆಯಲ್ಲಿ ಮಾಡಿ ನೋಡಬಹುದು, ಖರ್ಚಿಲ್ಲ.

ಸುಮ್ನೆ ಓದುಗ

ಐನ್‌ಸ್ಟೈನ್ ಲೇಖನದಲ್ಲಿ ಭೂಮಿ ತಿರುಗುವುದರಿಂದಲೂ ನದಿ ಒಂದು ಕಡೆಗೆ ಸರಿಯುತ್ತದೆ ಅಂತ ಇದೆಯಲ್ಲ? ಉತ್ತರ ಗೋಳಾರ್ಧದಲ್ಲಿ ಬಲದಂಡೆ ಜಾಸ್ತಿ ಕೊರೆಯುತ್ತದೆ ಅಂತ.

ಮೆಕ್ಕಲುಮಣ್ಣು

ಇದೆ. ಅದು 1860ರ ಸುಮಾರಿನ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಅವರ ವಾದ. ತತ್ವಕ್ಕೆ ತಪ್ಪಿಲ್ಲ. ಆದರೆ ತಿರುವಿನಲ್ಲಿ ಹೊರಕ್ಕೆ ಒತ್ತುವ ಬಲದ ಮುಂದೆ ಅದು ತೀರಾ ಸಣ್ಣದು. ತಿರುವು ಎಡಕ್ಕೂ ಹೋಗುತ್ತದೆ, ಬಲಕ್ಕೂ ಹೋಗುತ್ತದೆ, ಭೂಮಿ ಮಾತ್ರ ಒಂದೇ ಕಡೆ ತಿರುಗುತ್ತಿದೆ. ಈ ಚರ್ಚೆಗೆ ಅದು ಬೇಡ.

ಹೊಳೆಬದಿ

ಒಂದು ಮಾತು ಸೇರಿಸುತ್ತೇನೆ. ಪುಸ್ತಕದ ಚಿತ್ರದಲ್ಲಿ ನೀರು ಹೊರದಂಡೆಯನ್ನು ತಿಕ್ಕಿ ತಿಕ್ಕಿ ಸವೆಸಿದಂತೆ ಬರೆದಿರುತ್ತಾರೆ. ದಂಡೆಯ ಮೇಲೆ ನಿಂತು ನೋಡಿದರೆ ಹಾಗಿರುವುದಿಲ್ಲ.

ನೆಟ್ಟಗೆ ನಿಂತ ಮಣ್ಣು. ಮೇಲಿನ ಪದರ ಅಂಟುಮಣ್ಣು, ಅದರಿಂದ ಹುಲ್ಲಿನ ಬೇರುಗಳು ಜೋತುಬಿದ್ದಿರುತ್ತವೆ. ಅದರ ಕೆಳಗೆ ಸಡಿಲ ಮರಳು. ಆ ಮರಳು ಬೇರೆಲ್ಲಿಂದಲೂ ಬಂದದ್ದಲ್ಲ, ಇದೇ ನದಿ ಹಿಂದೆ ಯಾವಾಗಲೋ ಇಲ್ಲಿ ಹರಿಯುವಾಗ ತನ್ನ ಒಳದಂಡೆಗೆ ಹಾಕಿದ್ದು. ನೀರು ತಿನ್ನುವುದು ಈ ಕೆಳಗಿನ ಮರಳನ್ನು. ಮೇಲಿನ ಅಂಟುಮಣ್ಣು ಚಾಚಿಕೊಂಡು ನಿಲ್ಲುತ್ತದೆ. ಆಮೇಲೆ ಅಂಚಿನಿಂದ ಚೂರು ಒಳಗೆ, ಹೊಳೆಯ ಉದ್ದಕ್ಕೂ ಒಂದು ಸಣ್ಣ ಬಿರುಕು ಕಾಣಿಸುತ್ತದೆ. ಆ ಬಿರುಕಿನೊಳಗೆ ಬೆರಳು ಹೋಗುತ್ತದೆ ಅಂದರೆ ನೀವು ನಿಂತಿರುವ ಜಾಗ ಆಗಲೇ ಹೊಳೆಗೆ ಸೇರಿದೆ. ಹಿಂದಕ್ಕೆ ಬನ್ನಿ.

ಬಿದ್ದಾಗ ಹುಲ್ಲು ಸಮೇತ ದೊಡ್ಡ ಹೆಂಟೆಯೇ ಜಾರುತ್ತದೆ. ಕೆಲವು ಸಲ ಹುಲ್ಲು ನೆಟ್ಟಗೇ ನಿಂತಿರುತ್ತದೆ, ಏನೂ ಆಗಿಲ್ಲ ಎನ್ನುವ ಹಾಗೆ, ಆದರೆ ಒಂದಾಳು ಕೆಳಗೆ. ಈ ಹೆಂಟೆ ದಂಡೆಯ ಬುಡದಲ್ಲಿ ಇರುವಷ್ಟು ದಿನ ಅಲ್ಲಿ ಕೊರೆತ ನಿಲ್ಲುತ್ತದೆ. ನೀರು ಅದನ್ನು ಕರಗಿಸಿ ಒಯ್ದ ಮೇಲೆ ಮತ್ತೆ ಶುರು.

ಇನ್ನೊಂದು ವಿಷಯ. ದಂಡೆ ಬೀಳುವುದು ಎಷ್ಟೋ ಸಲ ನೆರೆ ಏರಿದಾಗ ಅಲ್ಲ, ಇಳಿಯುವಾಗ. ನೆರೆಯಲ್ಲಿ ದಂಡೆ ನೀರು ಕುಡಿದು ಭಾರವಾಗಿರುತ್ತದೆ, ಆದರೆ ಹೊಳೆಯ ನೀರೇ ಅದಕ್ಕೆ ಒರಗು ಕೊಟ್ಟಿರುತ್ತದೆ. ನೆರೆ ಇಳಿದಾಗ ಒರಗು ಹೋಯಿತು, ಭಾರ ಉಳಿಯಿತು. ಮಣ್ಣಿನೊಳಗಿನ ನೀರು ಹೊರಗೆ ಜಿನುಗುತ್ತಾ ಮರಳಿನ ಕಣಗಳನ್ನೂ ಎಳೆದುಕೊಂಡು ಬರುತ್ತದೆ. ಬಿಸಿಲು ಬಿದ್ದು ಎಲ್ಲರೂ ನೆಮ್ಮದಿಯಾದ ಮೇಲೆ ದಬದಬ ಸದ್ದು ಕೇಳುವುದು ಅದಕ್ಕೇ.

ನಕ್ಷೆಹುಚ್ಚು

ಹೊಳೆಬದಿಯವರೇ, ಇದು ಚೆನ್ನಾಗಿ ಅರ್ಥವಾಯಿತು. ಹಾಗಾದರೆ ಹೊರದಂಡೆಯಿಂದ ಬಿದ್ದ ಮಣ್ಣೇ ತಳದಲ್ಲಿ ಹರಿದು ಎದುರಿನ ಒಳದಂಡೆಗೆ ಸೇರುತ್ತದೆ, ಅಲ್ವಾ?

ಮೆಕ್ಕಲುಮಣ್ಣು

ಹಾಗೆ ಅನ್ನಿಸುತ್ತದೆ, ಆದರೆ ಬಹುಪಾಲು ಎದುರು ದಂಡೆಗೆ ಹೋಗುವುದಿಲ್ಲ. ಅಮೆರಿಕದ ಸೇನಾ ಎಂಜಿನಿಯರುಗಳು ವಿಕ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಮರಳಿನ ಮೇಲೆ ಸಣ್ಣ ನದಿಗಳನ್ನು ಹರಿಸಿ ನೋಡಿದ್ದರು. ಫ್ರೀಡ್ಕಿನ್ ಅವರ ವರದಿ 1945ರದ್ದು. ಒಂದು ತಿರುವಿನ ಹೊರದಂಡೆಯಿಂದ ಕಿತ್ತ ಮರಳು ಹೆಚ್ಚಾಗಿ ಅದೇ ಬದಿಯಲ್ಲಿ ಕೆಳಗೆ ಸಾಗಿ ಮುಂದಿನ ತಿರುವಿನ ಒಳದಂಡೆಯಲ್ಲಿ ಕೂರುತ್ತದೆ. ಈ ತಿರುವಿಗೆ ಎಡದಂಡೆ ಹೊರಗಾದರೆ ಮುಂದಿನ ತಿರುವಿಗೆ ಅದೇ ಎಡದಂಡೆ ಒಳಗಾಗುತ್ತದೆ. ಕಾಗದದ ಮೇಲೆ ಗೆರೆ ಎಳೆದು ನೋಡಿ, ಗೊತ್ತಾಗುತ್ತದೆ. ಅಂದರೆ ಪ್ರತಿ ತಿರುವೂ ಮೇಲಿನ ತಿರುವು ಕೊಟ್ಟಿದ್ದನ್ನು ಕಟ್ಟಿಕೊಂಡು, ತಾನು ಕಿತ್ತಿದ್ದನ್ನು ಕೆಳಗಿನದಕ್ಕೆ ಕೊಡುತ್ತದೆ. ಒಂದು ತಿರುವನ್ನು ಬೇರೆಯಾಗಿ ಇಟ್ಟು ನೋಡಿದರೆ ಯಾವತ್ತೂ ಅರ್ಥವಾಗುವುದಿಲ್ಲ.

ಆಕಾರ ಬದಲಾಗುವ ಬಗ್ಗೆ. ನೀರಿನ ವೇಗದ ಎಳೆ ಹೊರದಂಡೆಗೆ ತಾಗುವುದು ತಿರುವಿನ ನೆತ್ತಿಯಲ್ಲಿ (ಅತಿ ಹೆಚ್ಚು ಬಾಗಿದ ಜಾಗದಲ್ಲಿ) ಅಲ್ಲ, ನೆತ್ತಿ ದಾಟಿ ಚೂರು ಕೆಳಗೆ. ಓಟದಲ್ಲಿರುವ ನೀರು ತಿರುಗಲು ಸ್ವಲ್ಪ ದೂರ ತೆಗೆದುಕೊಳ್ಳುತ್ತದೆ. ಹಾಗಾಗಿ ಕೊರೆತವೂ ನೆತ್ತಿಯ ಕೆಳಗೆ ಜಾಸ್ತಿ, ತಿರುವು ಬದಿಗೆ ಉಬ್ಬುವುದರ ಜೊತೆಗೆ ಹರಿವಿನ ದಿಕ್ಕಿಗೆ ಜಾರುತ್ತದೆ. ನೀವು ವಿಡಿಯೊದಲ್ಲಿ ಕಂಡ ಜಾರುವಿಕೆ ಇದೇ. ಆದರೆ ತುಂಬಾ ಬೆಳೆದ ಸುತ್ತುಗಳನ್ನು ಗಮನಿಸಿ, ಎಷ್ಟೋ ಸುತ್ತುಗಳು ಮೇಲ್ಹರಿವಿನ ಕಡೆಗೆ ವಾಲಿಕೊಂಡಿರುತ್ತವೆ. ನಕ್ಷೆಯಲ್ಲಿ ಬಾಣದ ಗುರುತು ಇಲ್ಲದಿದ್ದರೂ ನದಿ ಯಾವ ಕಡೆಗೆ ಹರಿಯುತ್ತಿದೆ ಅಂತ ಊಹಿಸಲು ಇದು ಕೆಲವು ಸಲ ನೆರವಾಗುತ್ತದೆ. ಯಾವಾಗಲೂ ಅಲ್ಲ.

ವೇಗಕ್ಕೂ ಬಾಗಿಗೂ ಸಂಬಂಧ ಇದೆ. ಕೆನಡಾದ ಬೀಟನ್ ನದಿಯಲ್ಲಿ ಹಿಕಿನ್ ಮತ್ತು ನ್ಯಾನ್ಸನ್ 1975ರಲ್ಲಿ ಒಂದು ಚಂದದ ಕೆಲಸ ಮಾಡಿದರು. ಒಳದಂಡೆಯ ದಿಣ್ಣೆ ಸರಿದಂತೆಲ್ಲ ಹಿಂದೆ ಏಣುಗಳ (ಉದ್ದನೆಯ ಸಣ್ಣ ದಿಬ್ಬಗಳ) ಸಾಲು ಬಿಟ್ಟುಹೋಗುತ್ತದೆ. ಹೊಸ ಏಣಿನ ಮೇಲೆ ಎಳೆ ಗಿಡ, ಹಿಂದಿನದರ ಮೇಲೆ ದೊಡ್ಡ ಮರ, ಅದರ ಹಿಂದೆ ಇನ್ನೂ ಹಳೆಯ ಮರ. ಮರದ ಉಂಗುರ ಎಣಿಸಿದರೆ ಆ ಏಣಿನ ವಯಸ್ಸು ಸಿಗುತ್ತದೆ. ಏಣುಗಳ ನಡುವಿನ ದೂರ ಅಳೆದರೆ ನದಿ ಸರಿದ ವೇಗ ಸಿಗುತ್ತದೆ. ಅವರು ಕಂಡದ್ದು: ತಿರುವಿನ ತ್ರಿಜ್ಯ ಪಾತ್ರದ ಅಗಲದ ಮೂರು ಪಟ್ಟಿನ ಆಸುಪಾಸಿನಲ್ಲಿರುವಾಗ ಸರಿತ ಅತಿ ಜಾಸ್ತಿ. ಅದಕ್ಕಿಂತ ಸಡಿಲ ಬಾಗಿನಲ್ಲಿ ಒತ್ತಡ ಸಾಲದು. ಅದಕ್ಕಿಂತ ಬಿಗಿಯಾದರೆ ನೀರು ತಿರುವಿನೊಳಗೇ ಗೊಂದಲವಾಗಿ ಶಕ್ತಿ ಕಳೆದುಕೊಳ್ಳುತ್ತದೆ, ಸರಿತ ತಗ್ಗುತ್ತದೆ.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಇದು. ಪಕ್ಕದ ತಿರುವು ತೀರಾ ಬಿಗಿಯಾಗಿರಬಹುದು, ಅಥವಾ ತೀರಾ ಸಡಿಲ.

ಪೈಲೆಕ್ಕ

ನದಿಯ ಉದ್ದವನ್ನು ನೇರ ದೂರದಿಂದ ಭಾಗಿಸಿದರೆ ಸರಾಸರಿ 3.14 ಬರುತ್ತದೆ ಅಂತ ಕೇಳಿದ್ದೇನೆ. ಪೈ! ಯಾರೂ ಇದನ್ನು ಹೇಳಲೇ ಇಲ್ಲ.

ಮೆಕ್ಕಲುಮಣ್ಣು

ಬರಲಿಲ್ಲವಲ್ಲ ಅಂದುಕೊಳ್ಳುತ್ತಿದ್ದೆ, ಬಂತು. ಸ್ಟೋಲಮ್ ಅವರು 1996ರಲ್ಲಿ ಕಂಪ್ಯೂಟರಿನಲ್ಲಿ ನದಿಗಳನ್ನು ಓಡಿಸಿ ಪಡೆದ ಸಂಖ್ಯೆ ಅದು. ಆ ಮಾದರಿಯ ಬಯಲಿಗೆ ಅಂಚಿಲ್ಲ, ಮಣ್ಣೆಲ್ಲ ಒಂದೇ ತರಹ. ನಿಜವಾದ ನದಿಗಳಲ್ಲಿ ಅಳೆದರೆ ಬಹಳಷ್ಟು ಕಡೆ ಅದಕ್ಕಿಂತ ಕಡಿಮೆ. 1.5 ದಾಟಿದರೆ ಬಳುಕುವ ನದಿ ಅಂತ ಕರೆಯುತ್ತಾರೆ, 2 ದಾಟಿದರೆ ಚೆನ್ನಾಗಿಯೇ ಬಳುಕಿದೆ ಅಂತ ಅರ್ಥ. ಆ ಕೆಲಸದಲ್ಲಿ ನನಗೆ ಇಷ್ಟವಾದದ್ದು ಪೈ ಅಲ್ಲ, ಬೇರೆ. ತಿರುವುಗಳು ಬೆಳೆದು ಉದ್ದ ಹೆಚ್ಚಿಸುತ್ತವೆ, ಕತ್ತು ಕಡಿದಾಗ ಉದ್ದ ದಿಢೀರನೆ ಇಳಿಯುತ್ತದೆ. ಹೀಗೆ ಏರಿಳಿಯುತ್ತಾ ಎಲ್ಲೋ ನಡುವೆ ಓಲಾಡುತ್ತದೆ. ಒಂದು ಕತ್ತು ಕಡಿದರೆ ಅಲ್ಲಿ ನೀರಿನ ಇಳಿಜಾರು ಹಠಾತ್ತಾಗಿ ಹೆಚ್ಚುತ್ತದೆ, ಅದರ ಹೊಡೆತಕ್ಕೆ ಅಕ್ಕಪಕ್ಕದ ತಿರುವುಗಳೂ ಕೆಲವು ವರ್ಷ ಜೋರಾಗಿ ಸರಿಯುತ್ತವೆ.

ಬೇರುಬಿಳಲು

ಇಷ್ಟು ಮಾತಾದರೂ ಗಿಡಗಳ ಹೆಸರೇ ಬರಲಿಲ್ಲ. ದಂಡೆಯನ್ನು ಹಿಡಿದಿಡುವುದು ಬೇರು. ಬೇರಿಲ್ಲದಿದ್ದರೆ ತಿರುವು ನಿಲ್ಲುವುದೇ ಇಲ್ಲ. ಪ್ರಯೋಗಾಲಯದಲ್ಲಿ ಬರೀ ಮರಳಿನ ಮೇಲೆ ನೀರು ಬಿಟ್ಟರೆ ಸ್ವಲ್ಪ ಹೊತ್ತು ಬಳುಕುತ್ತದೆ, ಆಮೇಲೆ ದಂಡೆ ಹರಡಿ ಪಾತ್ರ ಅಗಲವಾಗಿ ನೂರು ಸೀಳಾಗುತ್ತದೆ, ಜಡೆ ಹೆಣೆದ ನದಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಬ್ರಾಡ್ರಿಕ್ ಮತ್ತು ಜೊತೆಗಾರರು 2009ರಲ್ಲಿ ದಂಡೆಯ ಮರಳಿನ ಮೇಲೆ ಅಲ್ಫಾಲ್ಫಾ ಎಂಬ ಮೇವಿನ ಗಿಡದ ಬೀಜ ಚೆಲ್ಲಿ ಮೊಳಕೆ ಬರಿಸಿದರು. ಆಮೇಲೆ ನೀರು ಬಿಟ್ಟರು. ಆಗ ತಿರುವು ಬೆಳೆಯಿತು, ಸರಿಯಿತು, ಕತ್ತು ಕಡಿಯಿತು, ಮತ್ತೆ ಹೊಸದಾಗಿ ಬಳುಕಿತು.

ಭೂಮಿಯ ಇತಿಹಾಸದಲ್ಲೂ ಹಾಗೇ. ಸುಮಾರು 40 ಕೋಟಿ ವರ್ಷಗಳ ಹಿಂದೆ ನೆಲದ ಗಿಡಗಳಿಗೆ ಬೇರು ಬಂದ ಮೇಲೆಯೇ ಬಳುಕುವ ನದಿಗಳ ಗುರುತು ಬಂಡೆಗಳಲ್ಲಿ ಯಥೇಚ್ಛವಾಗಿ ಸಿಗುವುದು. ಅದಕ್ಕೆ ಹಿಂದಿನ ಪದರಗಳಲ್ಲಿ ಹೆಚ್ಚಾಗಿ ಅಗಲವಾಗಿ ಹರಡಿದ ಮರಳು.

ಮೆಕ್ಕಲುಮಣ್ಣು

ಬೇರು ಮುಖ್ಯ, ಒಪ್ಪುತ್ತೇನೆ. ಬೇರು ಇರಲೇಬೇಕು ಅನ್ನುವುದಕ್ಕೆ ಒಪ್ಪಲ್ಲ. ಅದೇ ಬರ್ಕ್ಲಿ ಪ್ರಯೋಗದಲ್ಲಿ ನೀರಿಗೆ ಹಗುರವಾದ ನುಣ್ಣನೆ ಕಣಗಳನ್ನೂ ಬೆರೆಸಿದ್ದರು. ಒಳದಂಡೆಯ ದಿಣ್ಣೆಗೂ ದಡಕ್ಕೂ ನಡುವೆ ಉಳಿಯುವ ಸಂದನ್ನು ತುಂಬಿದ್ದು ಆ ಕಣಗಳು. ಆ ಸಂದು ತುಂಬದಿದ್ದರೆ ನೆರೆಯ ನೀರು ಅಡ್ಡದಾರಿ ಹಿಡಿದು ತಿರುವನ್ನು ಕೊಂದುಬಿಡುತ್ತದೆ. ಬೇರಿಗೆ ಹೊರದಂಡೆಯ ಕೆಲಸ, ನುಣ್ಣನೆ ಮಣ್ಣಿಗೆ ಒಳದಂಡೆಯ ಕೆಲಸ.

ಇನ್ನು ಮಂಗಳ ಗ್ರಹ. ಅಲ್ಲಿ ಎಬರ್ಸ್‌ವಾಲ್ಡೆ ಎಂಬ ದೊಡ್ಡ ಕುಳಿಯಲ್ಲಿ ಹಳೆ ನದಿಯ ತಿರುವುಗಳು, ಕತ್ತು ಕಡಿದ ಗುರುತುಗಳು ಸ್ಪಷ್ಟವಾಗಿ ಕಾಣುತ್ತವೆ. ಅಲ್ಲಿ ಯಾವ ಹುಲ್ಲು ಬೆಳೆದಿತ್ತು? ಅಮೆರಿಕದ ನೆವಾಡಾದಲ್ಲಿ ಗಿಡವೇ ಇಲ್ಲದ ಬಯಲಿನಲ್ಲಿ ಬಳುಕುವ ನದಿಗಳಿವೆ, ಅಂಟುಮಣ್ಣು ಮತ್ತು ಉಪ್ಪೇ ದಂಡೆಯನ್ನು ಹಿಡಿದಿವೆ.

ಬೇರುಬಿಳಲು

ನೆವಾಡಾ ಅಪವಾದ. ಇವತ್ತು ಭೂಮಿಯ ಮೇಲಿರುವ ಬಳುಕುವ ನದಿಗಳನ್ನು ಸಾಲಾಗಿ ಹೆಸರಿಸಿ, ಗಿಡವಿಲ್ಲದ ಬಯಲು ಎಷ್ಟು ಸಿಗುತ್ತದೆ ನೋಡೋಣ. ಬೇರಿಗೂ ಮಿತಿ ಇದೆ ಅನ್ನುವುದನ್ನು ನಾನೇ ಹೇಳಿಬಿಡುತ್ತೇನೆ. ದಂಡೆ ಬೇರಿಗಿಂತ ಆಳವಾಗಿದ್ದರೆ, ಹೊಳೆಬದಿಯವರು ಹೇಳಿದ ಹಾಗೆ ನೀರು ಕೆಳಗಿನ ಮರಳನ್ನು ತಿನ್ನುತ್ತದೆ. ಆಗ ಮರ ಏನೂ ಮಾಡಲಾರದು, ತನ್ನ ಭಾರದಿಂದ ದಂಡೆಯನ್ನು ಇನ್ನೂ ಬೇಗ ಬೀಳಿಸುತ್ತದೆ. ಸಣ್ಣ ಹೊಳೆಗೆ ಮರ ರಾಜ, ದೊಡ್ಡ ನದಿಗೆ ಮರ ಬರೀ ದಿಮ್ಮಿ.

ಹೊಳೆಬದಿ

ಈ ಕೊನೆಯ ಮಾತು ನೂರಕ್ಕೆ ನೂರು.

ನಕ್ಷೆಹುಚ್ಚು

ಜಗಳ ಚೆನ್ನಾಗಿದೆ, ಮುಂದುವರಿಸಿ. ಆದರೆ ನನ್ನ ಅರ್ಧ ಪ್ರಶ್ನೆ ಇನ್ನೂ ಉಳಿದಿದೆ. ನಾನು ನೋಡಿದ ಎರಡು ತಿರುವುಗಳ ಬಾಗು ಹೆಚ್ಚುಕಡಿಮೆ ಒಂದೇ. ಎರಡರ ದಂಡೆಯಲ್ಲೂ ಕಾಡು. ಒಂದು ಮಾತ್ರ ಅಲ್ಲಾಡಲಿಲ್ಲ.

ಮೆಕ್ಕಲುಮಣ್ಣು

ನಿಂತಿರುವ ತಿರುವಿನ ಹೊರಗಡೆ, ಕಾಡಿನೊಳಗೆ, ಹಸಿರಿನ ಬಣ್ಣ ಬೇರೆಯಾಗಿರುವ ಬಾಗಿದ ಪಟ್ಟಿ ಏನಾದರೂ ಕಾಣುತ್ತದೆಯಾ ನೋಡಿ. ಇದ್ದರೆ ಅದು ಹಳೆ ಪಾತ್ರ. ಕಡಿದು ಬಿದ್ದ ಸುತ್ತಿಗೆ ಪ್ರತಿ ನೆರೆಯಲ್ಲೂ ಕೆಸರು ನೀರು ನುಗ್ಗುತ್ತದೆ. ನಿಂತ ನೀರಿನಲ್ಲಿ ನುಣ್ಣನೆ ಜೇಡಿ ತಳಕ್ಕೆ ಕೂರುತ್ತದೆ. ಹತ್ತಾರು, ನೂರಾರು ವರ್ಷ ಹೀಗೇ ಆದರೆ ಇಡೀ ಹಳೆ ಪಾತ್ರ ಗಟ್ಟಿ ಜೇಡಿಯ ಬಿರಡೆಯಾಗುತ್ತದೆ. ಆಳ ಎಷ್ಟು? ಹಳೆ ನದಿಯ ಮಡು ಎಷ್ಟು ಆಳವೋ ಅಷ್ಟು. ಅಂದರೆ ಇವತ್ತಿನ ನದಿ ಬುಡದಿಂದ ತಿನ್ನಲು ಹೋದರೂ ಅಲ್ಲಿ ಮರಳು ಸಿಗುವುದಿಲ್ಲ, ಜೇಡಿಯೇ ಸಿಗುತ್ತದೆ. ತಿರುವು ಅಲ್ಲಿ ತಗಲಿಹಾಕಿಕೊಳ್ಳುತ್ತದೆ.

ಆಮೇಲೆ ಏನಾಗುತ್ತದೆ ಅನ್ನುವುದು ಇನ್ನೂ ಮಜಾ. ಕೆಳಗಿನ ತಿರುವು ನಿಂತಿದೆ, ಮೇಲಿನದು ಜಾರಿಕೊಂಡು ಬರುತ್ತಲೇ ಇದೆ. ಎರಡರ ನಡುವಿನ ಕತ್ತು ಸಣ್ಣಗಾಗುತ್ತಾ ಹೋಗುತ್ತದೆ, ಒಂದು ನೆರೆಗೆ ಕಡಿಯುತ್ತದೆ. ಕಡಿದ ಸುತ್ತು ಮತ್ತೊಂದು ಬಿರಡೆಯಾಗುತ್ತದೆ. ನದಿ ತನ್ನ ಬಯಲನ್ನು ತಾನೇ ಮರಳು ಮತ್ತು ಜೇಡಿಯ ತೇಪೆಗಳಿಂದ ಕಟ್ಟುತ್ತದೆ, ಆಮೇಲೆ ಆ ತೇಪೆಗಳೇ ಅದಕ್ಕೆ ಅಡ್ಡ ಬರುತ್ತವೆ. ಹೆರಾಲ್ಡ್ ಫಿಸ್ಕ್ 1944ರಲ್ಲಿ ಮಿಸಿಸಿಪ್ಪಿಯ ಹಳೆ ಪಾತ್ರಗಳನ್ನೆಲ್ಲ ಬಣ್ಣಬಣ್ಣದ ಪಟ್ಟಿಗಳಾಗಿ ನಕ್ಷೆಗೆ ಇಳಿಸಿದರು. ಜನ ಅವನ್ನು ಗೋಡೆಗೆ ಚೆಂದಕ್ಕೆ ಹಾಕಿಕೊಳ್ಳುತ್ತಾರೆ. ಆ ಪಟ್ಟಿಗಳಲ್ಲಿ ಈ ಬಿರಡೆಗಳನ್ನು ಹುಡುಕುತ್ತಾ ಹೋದರೆ ಇವತ್ತಿನ ನದಿ ಎಲ್ಲೆಲ್ಲಿ ಮೊಣಕೈ ಮಡಚಿದೆ ಅನ್ನುವುದಕ್ಕೆ ಕಾರಣ ಸಿಗುತ್ತದೆ.

ಹೂಳಿನ ಕೆಲಸವನ್ನೂ ಮರೆಯಬೇಡಿ. ಕಾನ್‌ಸ್ಟಂಟೈನ್ ಮತ್ತು ಜೊತೆಗಾರರು 2014ರಲ್ಲಿ ಅಮೆಜಾನ್ ಪ್ರದೇಶದ ಇಪ್ಪತ್ತು ನದಿಭಾಗಗಳನ್ನು ಉಪಗ್ರಹ ಚಿತ್ರಗಳಲ್ಲಿ ಹೋಲಿಸಿದರು. ಆಂಡಿಸ್ ಬೆಟ್ಟಗಳಿಂದ ಹೂಳು ಹೊತ್ತು ಬರುವ ನದಿಗಳು ಜೋರಾಗಿ ಸರಿಯುತ್ತವೆ, ಕತ್ತು ಕಡಿಯುವುದೂ ಅವುಗಳಲ್ಲೇ ಜಾಸ್ತಿ. ತಿಳಿನೀರಿನ ನದಿಗಳು ನಿಧಾನ. ಒಳದಂಡೆಯ ದಿಣ್ಣೆ ಬೆಳೆದಷ್ಟೂ ನೀರನ್ನು ಹೊರದಂಡೆಗೆ ಒತ್ತುತ್ತದೆ. ಕೊರೆತ ಮುಂದೆ ಹೋಗಿ ಹೂಳು ಹಿಂದೆ ಬರುತ್ತದೆ ಅಂತ ಮಾತ್ರ ತಿಳಿಯಬೇಡಿ, ಹೂಳೇ ಮುಂದೆ ನಿಂತು ತಳ್ಳುವುದೂ ಉಂಟು. ಉಕಯಾಲಿ ಆಂಡಿಸ್ ನದಿ, ಹಾಗಾಗಿ ಅಷ್ಟು ಓಟ.

ಕಟ್ಟೆಕೆಲಸ

ನಾನು ದಂಡೆ ಕಟ್ಟುವ ಕೆಲಸದಲ್ಲಿರುವವನು. ನಮ್ಮಲ್ಲಿಗೆ ಬರುವ ಬೇಡಿಕೆ ಯಾವಾಗಲೂ ಒಂದೇ: ಇಲ್ಲಿ ಕೊರೆಯುತ್ತಿದೆ, ಇಲ್ಲಿ ಕಲ್ಲು ಹಾಕಿ. ಹಾಕುತ್ತೇವೆ. ಅಲ್ಲಿ ನಿಲ್ಲುತ್ತದೆ. ಆದರೆ ಮೇಲೆ ಹೇಳಿದ ಕೊಡುಕೊಳ್ಳುವಿಕೆಯನ್ನು ನೆನಪಿಸಿಕೊಳ್ಳಿ. ಇಲ್ಲಿಂದ ಮರಳು ಹೋಗುವುದು ನಿಂತಿತು ಅಂದರೆ ಕೆಳಗಿನ ತಿರುವಿನ ದಿಣ್ಣೆಗೆ ತಿಂಡಿ ತಪ್ಪಿತು. ಕಲ್ಲು ಹಾಕಿದ ಬುಡದಲ್ಲಿ ಮಡು ಇನ್ನೂ ಆಳವಾಗುತ್ತದೆ. ಕಲ್ಲು ಮುಗಿಯುವ ಜಾಗದಲ್ಲಿ ಹೊಸ ಕೊರೆತ. ಮುಂದಿನ ಬೇಡಿಕೆ ಅಲ್ಲಿಂದ ಬರುತ್ತದೆ.

ಕತ್ತರಿಸಿ ನೇರ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಮಿಸಿಸಿಪ್ಪಿಯೇ ಪಾಠ. 1930ರ ದಶಕದಲ್ಲಿ ಅಲ್ಲಿ ಹತ್ತಕ್ಕೂ ಹೆಚ್ಚು ಸುತ್ತುಗಳನ್ನು ಬೇಕೆಂದೇ ಕತ್ತರಿಸಿದರು. ನದಿ ಸುಮಾರು 240 ಕಿಲೋಮೀಟರ್ ಗಿಡ್ಡವಾಯಿತು. ನೆರೆಯ ಮಟ್ಟ ಇಳಿಯಿತು, ಅದು ನಿಜ, ಲಾಭ ಆಗಲಿಲ್ಲ ಅಂತ ನಾನು ಹೇಳಲ್ಲ. ಆದರೆ ಇಳಿಜಾರು ಹೆಚ್ಚಿದ ನದಿ ಕಳೆದುಕೊಂಡ ಉದ್ದವನ್ನು ಮತ್ತೆ ಬಳುಕಿ ಪಡೆಯಲು ನೋಡುತ್ತದೆ. ಅದನ್ನು ತಡೆಯಲು ದಂಡೆಯ ಉದ್ದಕ್ಕೂ ತಂತಿಯಲ್ಲಿ ಪೋಣಿಸಿದ ಕಾಂಕ್ರೀಟ್ ಹಲಗೆಗಳ ಚಾಪೆ ಹಾಸುತ್ತಾ ಬಂದಿದ್ದಾರೆ, ಇವತ್ತಿಗೂ ಹಾಸುತ್ತಿದ್ದಾರೆ.

ಫ್ಲಾರಿಡಾದ ಕಿಸಿಮೀ ಇನ್ನೊಂದು. 1962ರಿಂದ 1971ರೊಳಗೆ 166 ಕಿಲೋಮೀಟರ್ ಬಳುಕುತ್ತಿದ್ದ ನದಿಯನ್ನು 90 ಕಿಲೋಮೀಟರ್ ನೇರ ಕಾಲುವೆ ಮಾಡಿದರು. ಬಯಲಿನ ಜೌಗು ಒಣಗಿತು, ಹಕ್ಕಿ ಮೀನು ಎರಡೂ ಹೋದವು. ಆಮೇಲೆ ಅದೇ ಕಾಲುವೆಯ ಭಾಗಗಳನ್ನು ಮುಚ್ಚಿ ಹಳೆ ತಿರುವುಗಳಿಗೆ ನೀರು ತಿರುಗಿಸುವ ಕೆಲಸ 1999ರಲ್ಲಿ ಶುರುವಾಗಿ 2021ರವರೆಗೆ ನಡೆಯಿತು. ಕಟ್ಟಲು ಒಂಬತ್ತು ವರ್ಷ, ಬಿಚ್ಚಲು ಇಪ್ಪತ್ತೆರಡು.

ಸುಮ್ನೆ ಓದುಗ

ಹಾಗಂತ ಸುಮ್ಮನೆ ಬಿಟ್ಟರೆ ದಂಡೆಯಲ್ಲಿ ಮನೆ, ಹೊಲ ಇದ್ದವರು ಏನು ಮಾಡಬೇಕು? ಹೇಳುವುದು ಸುಲಭ.

ಕಟ್ಟೆಕೆಲಸ

ಸುಲಭ ಅಂತ ನಾನು ಹೇಳಲಿಲ್ಲ. ಊರು, ಸೇತುವೆ ಇದ್ದ ಕಡೆ ಕಲ್ಲು ಹಾಕಲೇಬೇಕು, ಬೇರೆ ದಾರಿಯಿಲ್ಲ. ಇಲ್ಲದ ಕಡೆ ನದಿಗೆ ಸರಿದಾಡಲು ಒಂದು ಪಟ್ಟಿ ಬಿಟ್ಟುಬಿಡುವುದು ಕಡಿಮೆ ಖರ್ಚಿನ ಕೆಲಸ. ಆ ಪಟ್ಟಿ ಎಷ್ಟು ಅಗಲ ಬೇಕು ಅಂತ ತಿಳಿಯಲು ಹಳೆ ಪಾತ್ರಗಳ ಗುರುತು ಎಲ್ಲಿಯವರೆಗೆ ಹರಡಿದೆ ನೋಡಿ. ನದಿ ಎಲ್ಲೆಲ್ಲಿ ಓಡಾಡಿದೆ ಅನ್ನುವ ದಾಖಲೆ ನೆಲದ ಮೇಲೇ ಇದೆ. ನನ್ನ ತಕರಾರು ಇಷ್ಟೇ, ಆ ಗುರುತುಗಳ ಮೇಲೇ ನಿವೇಶನ ಹಂಚಿ ಆಮೇಲೆ ನಮ್ಮನ್ನು ಕರೆಯುತ್ತಾರೆ.

ಗಡಿಕಲ್ಲು

ನದಿಯನ್ನು ಗಡಿ ಮಾಡಿಕೊಂಡವರ ಕಥೆ ಇನ್ನೂ ತಮಾಷೆ. ಅಮೆರಿಕದಲ್ಲಿ ಅಯೋವಾ ಮತ್ತು ನೆಬ್ರಾಸ್ಕಾ ರಾಜ್ಯಗಳ ನಡುವೆ ಮಿಸ್ಸೌರಿ ನದಿಯೇ ಗಡಿ. 1877ರ ನೆರೆಯಲ್ಲಿ ನದಿ ಒಂದು ಸುತ್ತಿನ ಕತ್ತು ಕಡಿದು ನೇರ ಹೋಯಿತು. ಅಯೋವಾದ ಒಂದು ತುಂಡು ನೆಲ ನೆಬ್ರಾಸ್ಕಾದ ಕಡೆಗೆ ಬಿತ್ತು. ಸುಪ್ರೀಂ ಕೋರ್ಟ್ 1892ರಲ್ಲಿ ಹೇಳಿದ್ದು: ನದಿ ಮೆಲ್ಲಗೆ ದಂಡೆ ತಿಂದು ಸರಿದರೆ ಗಡಿಯೂ ಜೊತೆಗೆ ಸರಿಯುತ್ತದೆ. ದಿಢೀರನೆ ಹಾರಿ ಹೊಸ ಪಾತ್ರ ಹಿಡಿದರೆ ಗಡಿ ಹಳೆ ಪಾತ್ರದಲ್ಲೇ ಉಳಿಯುತ್ತದೆ. ಹಾಗಾಗಿ ಕಾರ್ಟರ್ ಲೇಕ್ ಅನ್ನುವ ಊರು ಇವತ್ತಿಗೂ ನದಿಯ ಆಚೆ ದಡದಲ್ಲಿರುವ ಅಯೋವಾ.

ಆ 1877ರ ನೆರೆಗೆ ಒಂದು ವರ್ಷ ಮೊದಲು ಮಿಸಿಸಿಪ್ಪಿ ದಂಡೆಯ ವಿಕ್ಸ್‌ಬರ್ಗ್ ಊರಿನಲ್ಲಿ ಆದದ್ದು ಇದು. ಅಂತರ್ಯುದ್ಧದ ವೇಳೆ, 1863ರಲ್ಲಿ, ಗ್ರಾಂಟ್ ಅವರ ಸೈನ್ಯ ಆ ಊರಿನ ಎದುರಿನ ಸುತ್ತಿನ ಕತ್ತಿಗೆ ಕಾಲುವೆ ಅಗೆದು ಮಿಸಿಸಿಪ್ಪಿಯನ್ನು ತಿರುಗಿಸಲು ನೋಡಿತ್ತು. ಆಗಲಿಲ್ಲ. 1876ರ ಏಪ್ರಿಲ್ 26ರಂದು ನದಿ ತಾನಾಗಿಯೇ ಆ ಸುತ್ತನ್ನು ಕಡಿದುಕೊಂಡು ಹೋಯಿತು. ನದಿಯ ಬಂದರು ಊರಿಗೆ ನದಿಯೇ ಇಲ್ಲ. ಯಾಜೂ ನದಿಯನ್ನು ತಿರುಗಿಸಿ ತಂದು ಊರ ಮುಂದೆ ಮತ್ತೆ ನೀರು ಹರಿಸಿದ್ದು 1903ರಲ್ಲಿ.

ನಕ್ಷೆಹುಚ್ಚು

ಮೆಕ್ಕಲುಮಣ್ಣು ಅವರೇ, ಒಂದು ಕೊನೆಯ ಅನುಮಾನ. ಕೆಲವು ಕುದುರೆಲಾಳದ ಕೆರೆಗಳಲ್ಲಿ ಇನ್ನೂ ನೀಲಿ ನೀರು ಕಾಣುತ್ತದೆ. ಕೆಲವು ನನ್ನ ವಿಡಿಯೊದಲ್ಲೇ ಕೆಲವೇ ವರ್ಷಕ್ಕೆ ಹಸಿರಾಗಿಬಿಟ್ಟವು. ಎರಡೂ ಒಂದೇ ನದಿಯವು.

ಮೆಕ್ಕಲುಮಣ್ಣು

ಕಡಿತದಲ್ಲಿ ಎರಡು ಬಗೆ. ಎರಡು ತಿರುವುಗಳು ಒಂದಕ್ಕೊಂದು ಮುಟ್ಟುವಷ್ಟು ಹತ್ತಿರ ಬಂದು ಕತ್ತು ಕಡಿಯುವುದು ಒಂದು. ಕತ್ತು ಇನ್ನೂ ಅಗಲವಾಗಿರುವಾಗಲೇ ನೆರೆಯ ನೀರು ಒಳದಂಡೆಯ ಏಣುಗಳ ನಡುವಿನ ತಗ್ಗು ಹಿಡಿದು ಅಡ್ಡದಾರಿ ಕೊರೆಯುವುದು ಇನ್ನೊಂದು.

ಮೊದಲ ಬಗೆಯಲ್ಲಿ ಹಳೆ ಪಾತ್ರದ ಬಾಯಿ ಹೊಸ ಹರಿವಿಗೆ ತೀರಾ ಅಡ್ಡವಾಗಿ ತಿರುಗಿಕೊಂಡಿರುತ್ತದೆ. ನೀರು ಅಲ್ಲಿಗೆ ಹೋಗಲು ಒಪ್ಪುವುದಿಲ್ಲ. ಎರಡೂ ಬಾಯಿಗೆ ಬೇಗ ಮರಳು ತುಂಬಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಮರಳು ಒಳಗೆ ಹೋಗಲಾರದು, ನೆರೆ ಬಂದಾಗ ಉಕ್ಕಿ ಬರುವ ನುಣ್ಣನೆ ಕೆಸರು ಮಾತ್ರ. ಹಾಗಾಗಿ ಒಳಗಿನ ಕೆರೆ ಬಹಳ ಕಾಲ ನೀರಾಗಿಯೇ ಇರುತ್ತದೆ. ಬಿರಡೆಯ ಜೇಡಿ ಕೂರುವುದು ಇಂಥಲ್ಲಿ. ಎರಡನೇ ಬಗೆಯಲ್ಲಿ ಹಳೆ ಪಾತ್ರ ಹೊಸದರ ಪಕ್ಕದಲ್ಲೇ ಸಣ್ಣ ಕೋನದಲ್ಲಿ ಕವಲೊಡೆದಿರುತ್ತದೆ. ಕೆಲವು ವರ್ಷ ಎರಡರಲ್ಲೂ ನೀರು ಹರಿಯುತ್ತದೆ, ತಳದ ಮರಳೂ ಒಳಗೆ ಹೋಗುತ್ತದೆ. ಬೇಗ ತುಂಬಿ ಗಿಡ ಹತ್ತುತ್ತದೆ. ನಿಮ್ಮ ಹಸಿರಾದ ಕೆರೆಗಳ ಬಾಯಿಯ ಕೋನವನ್ನು ಕಡಿದ ವರ್ಷದ ಚಿತ್ರದಲ್ಲಿ ಅಳೆದು ನೋಡಿ, ನೀಲಿಯವುಗಳದ್ದನ್ನೂ ಅಳೆಯಿರಿ. ಅಳತೆಗೆ ನೆರೆಯ ತಿಂಗಳ ಚಿತ್ರ ಬೇಡ, ನೀರು ಇಳಿದ ಕಾಲದ್ದು ತೆಗೆದುಕೊಳ್ಳಿ. ನೆರೆಯಲ್ಲಿ ಎಲ್ಲ ಬಾಯಿಗಳೂ ತೆರೆದಂತೆಯೇ ಕಾಣುತ್ತವೆ.